ಅಂಗಾಂಗ ದಾನ: ಆಸ್ಪತ್ರೆಯವರು ಹೇಳದಿದ್ದರೆ ನಮಗೆ ತಿಳಿಯುವುದು ಹೇಗೆ?

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಪೂರ್ಣಪಾಠ)

ಆಗಸ್ಟ್ 3 ಭಾರತೀಯ ಅಂಗಾಂಗ ದಾನ ದಿನ. ಮೊದಲು ನವೆಂಬರ್ 27ರಂದು ಆಚರಿಸುತ್ತಿದ್ದರು, 2023ರಿಂದ ಆಗಸ್ಟ್ 3ಕ್ಕೆ ತಂದಿದ್ದಾರೆ. ಈ ತಾರೀಖಿಗೂ ನಾವು ವಾಸಿಸುವ ಈ ದೆಹಲಿಗೂ ನೇರವಾದ ಸಂಬಂಧವಿದೆ. 1994ರ ಆಗಸ್ಟ್ 3ರಂದು ಏಮ್ಸ್ ಆಸ್ಪತ್ರೆಯಲ್ಲಿ ಡಾ. ಪಿ. ವೇಣುಗೋಪಾಲ್ ಮತ್ತು ಅವರ ತಂಡದವರು ದೇಶದ ಮೊದಲ ಯಶಸ್ವಿ ಹೃದಯ ಕಸಿ ಮಾಡಿದರು. ಮಾನವ ಅಂಗಾಂಗ ಕಸಿ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು ಅದೇ ವರ್ಷ ಜುಲೈ 8ರಂದು. ನಡುವೆ ಬರೀ 26 ದಿನ! ಕಾನೂನು ಬಂದ ತಿಂಗಳೊಳಗೆ ಇಂಥದೊಂದು ಕೆಲಸ ಆಗಿದ್ದು ನಮ್ಮ ದೇಶದಲ್ಲಿ ಅಪರೂಪವೇ ಸರಿ.

ಅಂಗಾಂಗ ದಾನ ಎಂದ ಕೂಡಲೇ ಸಾಮಾನ್ಯವಾಗಿ ಭಾಷಣಗಳು ಒಂದೇ ದಾರಿ ಹಿಡಿಯುತ್ತವೆ. ಜನರಲ್ಲಿ ತಿಳಿವಳಿಕೆ ಇಲ್ಲ, ಮೂಢನಂಬಿಕೆ ಇದೆ, ಎಲ್ಲರೂ ಮುಂದೆ ಬಂದು ಪ್ರತಿಜ್ಞಾ ಪತ್ರ ತುಂಬಬೇಕು, ಹೀಗೆ. ಪ್ರತಿಜ್ಞಾ ಪತ್ರ ತುಂಬುವುದು ಒಳ್ಳೆಯದೇ, ಬೇಡ ಎನ್ನುವುದಿಲ್ಲ. ಆದರೆ ನಾನು ಇವತ್ತು ಅದಕ್ಕಿಂತ ಒಂದು ಮೆಟ್ಟಿಲು ಹಿಂದಕ್ಕೆ ಹೋಗಿ ಮಾತಾಡಬೇಕೆಂದಿದ್ದೇನೆ. ನಮ್ಮಲ್ಲಿ ಎಷ್ಟೋ ಕುಟುಂಬಗಳು "ಬೇಡ" ಎನ್ನುವುದೇ ಇಲ್ಲ. ಯಾಕೆಂದರೆ ಅವರನ್ನು ಯಾರೂ ಕೇಳಿಯೇ ಇರುವುದಿಲ್ಲ. ಐಸಿಯುನಲ್ಲಿ ಮಲಗಿರುವ ರೋಗಿಯ ಮಿದುಳು ಸತ್ತಿದೆ ಎಂಬುದನ್ನು ಗುರುತಿಸಿ, ಪರೀಕ್ಷೆ ಮಾಡಿಸಿ, ಸಂಬಂಧಪಟ್ಟವರಿಗೆ ಒಂದು ಫೋನ್ ಮಾಡುವ ಕೆಲಸ ಆಗದೇ ಹೋದರೆ, ನೀವು ಹತ್ತು ಪ್ರತಿಜ್ಞಾ ಪತ್ರ ತುಂಬಿಟ್ಟಿದ್ದರೂ ಅದು ಬೀರುವಿನಲ್ಲೇ ಉಳಿಯುತ್ತದೆ.

ಒಂದೆರಡು ಅಂಕಿಗಳನ್ನು ಹೇಳಿ ಮುಂದೆ ಹೋಗುತ್ತೇನೆ. 2023ರಲ್ಲಿ ಇಡೀ ಭಾರತದಲ್ಲಿ ಮರಣಾನಂತರ ಅಂಗಾಂಗ ಕೊಟ್ಟವರು 1,099 ಮಂದಿ. ಅಂದರೆ ಹತ್ತು ಲಕ್ಷ ಜನಸಂಖ್ಯೆಗೆ ಪೂರ್ತಿ ಒಬ್ಬರೂ ಇಲ್ಲ. 2022ರಲ್ಲಿ ರಸ್ತೆ ಅಪಘಾತದಲ್ಲೇ ನಮ್ಮ ದೇಶದಲ್ಲಿ 1,68,491 ಜನ ಸತ್ತರು. ಅವರೆಲ್ಲರೂ ದಾನಿಗಳಾಗಲು ಸಾಧ್ಯವಿರಲಿಲ್ಲ, ಬಹಳಷ್ಟು ಜನ ರಸ್ತೆಯಲ್ಲೇ ಪ್ರಾಣ ಬಿಡುತ್ತಾರೆ. ಆದರೂ ತಲೆಗೆ ಪೆಟ್ಟು ಬಿದ್ದು, ಆಸ್ಪತ್ರೆ ತಲುಪಿ, ವೆಂಟಿಲೇಟರ್ ಮೇಲೆ ಎರಡು ಮೂರು ದಿನ ಇದ್ದು ಹೋದವರ ಸಂಖ್ಯೆ 1,099ಕ್ಕಿಂತ ಎಷ್ಟು ಪಟ್ಟು ಹೆಚ್ಚಿರಬಹುದು ಎಂದು ಊಹಿಸಲು ಲೆಕ್ಕಪತ್ರ ಬೇಕಾಗಿಲ್ಲ.

ಇನ್ನು ನಮ್ಮ ದೆಹಲಿ. ಕಸಿ ಶಸ್ತ್ರಚಿಕಿತ್ಸೆಯ ಸಂಖ್ಯೆಯಲ್ಲಿ ದೇಶಕ್ಕೇ ಮುಂದು. 2023ರಲ್ಲಿ ಇಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕಸಿಗಳು ನಡೆದವು. ಆದರೆ ಅವುಗಳಲ್ಲಿ ಬಹುಪಾಲು ಬದುಕಿರುವವರು ಕೊಟ್ಟ ಅಂಗಗಳು. ಹೆಂಡತಿ ಗಂಡನಿಗೆ ಮೂತ್ರಪಿಂಡ ಕೊಟ್ಟದ್ದು, ತಾಯಿ ಮಗನಿಗೆ ಯಕೃತ್ತಿನ ಭಾಗ ಕೊಟ್ಟದ್ದು. 2019ರಿಂದ 2023ರವರೆಗೆ ದೇಶದಲ್ಲಿ ಜೀವಂತ ದಾನಿಗಳಾದ ಸುಮಾರು 56 ಸಾವಿರ ಜನರಲ್ಲಿ ಸುಮಾರು 36 ಸಾವಿರ ಮಂದಿ ಹೆಂಗಸರು. ಪಡೆದವರಲ್ಲಿ ಹೆಚ್ಚಿನವರು ಗಂಡಸರು. ಆರೋಗ್ಯವಾಗಿದ್ದ ಹೆಣ್ಣುಮಗಳ ಹೊಟ್ಟೆಗೆ ಕತ್ತರಿ ಹಾಕಬೇಕಾಗಿ ಬರುವುದಕ್ಕೆ ಒಂದು ಕಾರಣ, ಪಕ್ಕದ ಐಸಿಯುನಲ್ಲಿ ಮಣ್ಣುಪಾಲಾಗುವ ಅಂಗವನ್ನು ನಾವು ಗುರುತಿಸದೇ ಇರುವುದು. ಇದನ್ನು ಸ್ವಲ್ಪ ಕಟುವಾಗಿ ಹೇಳಿದೆನೆಂದು ಅನಿಸಿದರೆ ಅನಿಸಲಿ.

ಈಗ ವಿಷಯಕ್ಕೆ ಬರೋಣ. ಮಿದುಳು ಸಾವು ಎಂದರೇನು? ಕನ್ನಡ ಪತ್ರಿಕೆಗಳಲ್ಲಿ, ಟಿವಿಗಳಲ್ಲಿ "ಮೆದುಳು ನಿಷ್ಕ್ರಿಯಗೊಂಡಿದೆ" ಎಂದು ಬರೆಯುವ ರೂಢಿ. ನನಗೆ ಈ ಪದದ ಮೇಲೆ ಸ್ವಲ್ಪ ತಕರಾರಿದೆ. ನಿಷ್ಕ್ರಿಯ ಎಂದರೆ ಕೆಲಸ ಮಾಡುತ್ತಿಲ್ಲ ಎಂದಷ್ಟೇ ಅರ್ಥ. ಬ್ಯಾಂಕಿನ ಖಾತೆ ನಿಷ್ಕ್ರಿಯ ಆಗುತ್ತದೆ, ಒಂದು ಅರ್ಜಿ ಕೊಟ್ಟರೆ ಮತ್ತೆ ಸಕ್ರಿಯ ಆಗುತ್ತದೆ. ಹಾಗಾಗಿ ಈ ಮಾತು ಕೇಳಿದ ತಾಯಿಗೆ "ಇವತ್ತು ನಿಷ್ಕ್ರಿಯ, ನಾಳೆ ಸರಿಹೋಗಬಹುದು" ಎಂದು ಅನಿಸಿದರೆ ತಪ್ಪು ಆಕೆಯದಲ್ಲ. ಮಿದುಳಿನ ಕಾಂಡ ಸತ್ತರೆ ಅದು ಸಾವೇ. ಕಾನೂನಿನ ಪ್ರಕಾರವೂ ಸಾವು, ವೈದ್ಯಶಾಸ್ತ್ರದ ಪ್ರಕಾರವೂ ಸಾವು. ಕೋಮಾ ಬೇರೆ, ಇದು ಬೇರೆ. ಕೋಮಾದಲ್ಲಿರುವವರ ಮಿದುಳಿಗೆ ಇನ್ನೂ ಜೀವ ಇರುತ್ತದೆ, ಕೆಲವರು ಎಚ್ಚರಗೊಳ್ಳುವುದೂ ಉಂಟು. ಮಿದುಳಿನ ಕಾಂಡ ಸತ್ತವರು ವಾಪಸ್ಸು ಬರುವುದಿಲ್ಲ.

2021ರ ಜೂನ್ ತಿಂಗಳು ನಿಮಗೆ ನೆನಪಿರಬಹುದು. "ನಾನು ಅವನಲ್ಲ ಅವಳು" ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ನಟ ಸಂಚಾರಿ ವಿಜಯ್ ಬೆಂಗಳೂರಿನಲ್ಲಿ ಬೈಕ್ ಅಪಘಾತಕ್ಕೆ ಸಿಕ್ಕಿದರು. ತಲೆಗೆ ತೀವ್ರ ಪೆಟ್ಟು, ಶಸ್ತ್ರಚಿಕಿತ್ಸೆಯೂ ಆಯಿತು. ಜೂನ್ 14ರಂದು ಆಸ್ಪತ್ರೆಯವರು ಮಿದುಳು ಸತ್ತಿದೆ ಎಂದು ತಿಳಿಸಿದರು. ಆ ದಿನ ನಾವೆಲ್ಲ ಇಲ್ಲಿ ದೆಹಲಿಯಲ್ಲಿ ಕೂತು ಫೋನ್ ನೋಡುತ್ತಿದ್ದೆವು. ಒಂದು ಕಡೆ ಶ್ರದ್ಧಾಂಜಲಿ, ಇನ್ನೊಂದು ಕಡೆ "ಇನ್ನೂ ಉಸಿರಿದೆ, ಸುಳ್ಳು ಸುದ್ದಿ ಹಬ್ಬಿಸಬೇಡಿ" ಎಂಬ ಮಾತು. ಎರಡನ್ನೂ ಬರೆದವರು ಒಳ್ಳೆಯ ಮನಸ್ಸಿನಿಂದಲೇ ಬರೆದರು. ಆದರೆ ಓದಿದ ನಮಗೆ ಗೊಂದಲವೋ ಗೊಂದಲ. ಆ ಕುಟುಂಬ ಮಾತ್ರ ಅಂಥ ಹೊತ್ತಿನಲ್ಲೂ ಅಂಗಾಂಗ ದಾನಕ್ಕೆ ಒಪ್ಪಿತು. ಒಪ್ಪಲು ಸಾಧ್ಯವಾದದ್ದು ಯಾಕೆ? ಒಳಗೆ ಪರೀಕ್ಷೆ ನಡೆದಿತ್ತು, ಫಲಿತಾಂಶವನ್ನು ಮನೆಯವರ ಮುಂದೆ ಇಟ್ಟಿದ್ದರು, ಕರ್ನಾಟಕದ ಜೀವಸಾರ್ಥಕತೆ ಸಂಸ್ಥೆಗೆ ಸುದ್ದಿ ಮುಟ್ಟಿತ್ತು. ಹೊರಗಿನ ಗೊಂದಲ ಒಳಗೆ ಇರಲಿಲ್ಲ.

ಆ ಪರೀಕ್ಷೆ ಹೇಗೆ ಎನ್ನುವುದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಅನುಮಾನವೆಲ್ಲ ಹುಟ್ಟುವುದು ಇಲ್ಲಿ. ಮೊದಲು, ರೋಗಿ ಈ ಸ್ಥಿತಿಗೆ ಬಂದದ್ದು ಯಾವುದರಿಂದ ಎಂಬುದು ಖಚಿತವಾಗಿರಬೇಕು. ನಿದ್ರೆ ಬರಿಸುವ ಔಷಧಿಯ ಪ್ರಭಾವ ಇರಬಾರದು, ಮದ್ಯದ ಅಮಲಿರಬಾರದು, ಮೈ ತೀರಾ ತಣ್ಣಗಾಗಿರಬಾರದು. ಆಮೇಲೆ ಕಣ್ಣಿಗೆ ಟಾರ್ಚ್ ಬಿಟ್ಟು ಪಾಪೆ ಕುಗ್ಗುತ್ತದೆಯೇ ನೋಡುತ್ತಾರೆ. ಕಣ್ಣಗುಡ್ಡೆಯನ್ನು ಹತ್ತಿಯ ಎಳೆಯಿಂದ ಮುಟ್ಟಿ ರೆಪ್ಪೆ ಮಿಟುಕುತ್ತದೆಯೇ ನೋಡುತ್ತಾರೆ. ಕಿವಿಗೆ ತಣ್ಣೀರು ಬಿಡುತ್ತಾರೆ, ಮಿದುಳಿನ ಕಾಂಡಕ್ಕೆ ಜೀವವಿದ್ದರೆ ಕಣ್ಣು ಅಲುಗಬೇಕು. ಗಂಟಲಿಗೆ ನಳಿಗೆ ತಾಗಿಸಿ ಕೆಮ್ಮು ಬರುತ್ತದೆಯೇ ನೋಡುತ್ತಾರೆ. ಕೊನೆಯದು ಉಸಿರಿನ ಪರೀಕ್ಷೆ. ದೇಹಕ್ಕೆ ಸಾಕಷ್ಟು ಆಮ್ಲಜನಕ ಕೊಟ್ಟು, ವೆಂಟಿಲೇಟರಿನಿಂದ ಕೆಲವು ನಿಮಿಷ ಬೇರ್ಪಡಿಸಿ, ಎದೆ ತಾನಾಗಿ ಏಳುತ್ತದೆಯೇ ಎಂದು ಕಾದು ನೋಡುತ್ತಾರೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತಾ ಹೋಗುತ್ತದೆ. ಅಷ್ಟು ಏರಿದರೂ ಮಿದುಳು ಒಂದೇ ಒಂದು ಉಸಿರಿಗೂ ಆಜ್ಞೆ ಕೊಡದಿದ್ದರೆ ಅದು ಸತ್ತಿದೆ ಎಂದೇ ಅರ್ಥ. ಇದಿಷ್ಟನ್ನೂ ಕನಿಷ್ಠ ಆರು ಗಂಟೆ ಬಿಟ್ಟು ಇನ್ನೊಮ್ಮೆ ಮಾಡಬೇಕು. ನಾಲ್ವರು ವೈದ್ಯರು ಸಹಿ ಹಾಕಬೇಕು: ಆಸ್ಪತ್ರೆಯ ಮುಖ್ಯಸ್ಥರು, ಮಂಜೂರಾದ ಪಟ್ಟಿಯಿಂದ ಒಬ್ಬ ತಜ್ಞರು, ನರರೋಗ ಅಥವಾ ನರಶಸ್ತ್ರಚಿಕಿತ್ಸಾ ತಜ್ಞರು, ಮತ್ತು ರೋಗಿಗೆ ಚಿಕಿತ್ಸೆ ಕೊಡುತ್ತಿರುವ ವೈದ್ಯರು. ಕಸಿ ಮಾಡುವ ತಂಡದವರು ಯಾರೂ ಈ ನಾಲ್ವರಲ್ಲಿ ಇರುವಂತಿಲ್ಲ. ನರತಜ್ಞರು ಸಿಗದ ಕಡೆ ಶಸ್ತ್ರವೈದ್ಯರು, ಫಿಜಿಷಿಯನ್, ಅರಿವಳಿಕೆ ತಜ್ಞರು ಅಥವಾ ಐಸಿಯು ತಜ್ಞರು ಆ ಸ್ಥಾನ ತುಂಬಬಹುದೆಂದು 2011ರ ತಿದ್ದುಪಡಿಯಲ್ಲಿ ಅವಕಾಶ ಕೊಟ್ಟಿದ್ದಾರೆ.

ಇಷ್ಟೆಲ್ಲ ಡಾಕ್ಟರುಗಳ ಕೆಲಸ. ಆದರೆ ಈ ನಾಲ್ವರನ್ನು ಒಂದೆಡೆ ಸೇರಿಸುವ ಮಾತು ಮೊದಲು ಹೊರಡುವುದು ಸಾಮಾನ್ಯವಾಗಿ ಯಾರ ಬಾಯಿಂದ ಗೊತ್ತೇ? ರಾತ್ರಿ ಪಾಳಿಯ ಸಿಸ್ಟರ್ ಬಾಯಿಂದ. ಹಾಸಿಗೆಯ ಪಕ್ಕ ಇಡೀ ರಾತ್ರಿ ಇರುವವರು ಅವರು. ಗಂಟೆಗೊಮ್ಮೆ ಪಾಪೆ ನೋಡಿ ಚಾರ್ಟಿನಲ್ಲಿ ಬರೆಯುವವರು ಅವರು. ಗಂಟಲಿನ ನಳಿಗೆಯಿಂದ ಕಫ ಎಳೆಯುವಾಗ ನಿನ್ನೆ ಕೆಮ್ಮುತ್ತಿದ್ದ ರೋಗಿ ಇವತ್ತು ಕೆಮ್ಮಲಿಲ್ಲ ಎಂಬುದು ಅವರ ಕೈಗೆ ಮೊದಲು ಗೊತ್ತಾಗುತ್ತದೆ. ಮೂತ್ರದ ಚೀಲ ಇದ್ದಕ್ಕಿದ್ದಂತೆ ತುಂಬತೊಡಗುತ್ತದೆ, ಒಂದು ಗಂಟೆಯಲ್ಲಿ ಖಾಲಿ ಮಾಡಿದ್ದು ಮುಂದಿನ ಗಂಟೆಗೆ ಮತ್ತೆ ತುಂಬಿರುತ್ತದೆ. ಮಿದುಳು ಸತ್ತಾಗ ನೀರನ್ನು ಹಿಡಿದಿಡುವ ಹಾರ್ಮೋನು ನಿಂತುಹೋಗುವುದರಿಂದ ಹೀಗಾಗುತ್ತದೆ. ಬಿಪಿ ಜಾರುತ್ತದೆ, ಮೈ ತಣ್ಣಗಾಗುತ್ತದೆ. ಇವೆಲ್ಲ ಸಿಸ್ಟರ್‌ಗಳ ಕಣ್ಣಿಗೆ ಬೀಳುತ್ತವೆ. ಬೆಳಿಗ್ಗೆ ರೌಂಡ್ಸ್‌ಗೆ ಬರುವ ದೊಡ್ಡ ಡಾಕ್ಟರು ಹಾಸಿಗೆಯ ಹತ್ತಿರ ಐದು ನಿಮಿಷ ನಿಲ್ಲುತ್ತಾರೆ.

ಇದರಲ್ಲಿ ಸಮಯದ ಪ್ರಶ್ನೆಯೂ ಇದೆ. ಮಿದುಳು ಸತ್ತ ಮೇಲೆ ವೆಂಟಿಲೇಟರ್ ಇದ್ದರೂ ದೇಹ ಬಹಳ ದಿನ ತಡೆಯುವುದಿಲ್ಲ, ಕೆಲವು ಗಂಟೆ ಅಥವಾ ಕೆಲವು ದಿನಗಳಲ್ಲಿ ಹೃದಯವೂ ನಿಲ್ಲುತ್ತದೆ. ನಿಲ್ಲುವ ಮುಂಚೆಯೇ ಬಿಪಿ ಬಿದ್ದು ಮೂತ್ರಪಿಂಡ, ಯಕೃತ್ತು ಕೆಟ್ಟಿರುತ್ತವೆ. ಹೊರತೆಗೆದ ಮೇಲೂ ಹೃದಯ, ಶ್ವಾಸಕೋಶಗಳಿಗೆ ಇರುವುದು ನಾಲ್ಕರಿಂದ ಆರು ಗಂಟೆ. ಮೂತ್ರಪಿಂಡ ಒಂದು ದಿನ ತಾಳಬಹುದು. ದೆಹಲಿಯ ಟ್ರಾಫಿಕ್ಕಿನಲ್ಲಿ ಆಂಬುಲೆನ್ಸಿಗೆ ಹಸಿರು ದಾರಿ ಮಾಡಿಕೊಡುವುದು ಇದಕ್ಕಾಗಿ. ಆ ದಾರಿಯ ಫೋಟೋ ಮರುದಿನ ಪತ್ರಿಕೆಯಲ್ಲಿ ಬರುತ್ತದೆ. ಅದಕ್ಕೆ ಎರಡು ದಿನ ಮುಂಚೆ ಕೋಆರ್ಡಿನೇಟರ್‌ಗೆ ಫೋನ್ ಮಾಡಿದ ಸಿಸ್ಟರ್ ಹೆಸರು ಬರುವುದಿಲ್ಲ.

ಕಾನೂನು ಏನು ಹೇಳುತ್ತದೆ ಎಂದರೆ, 2011ರ ತಿದ್ದುಪಡಿ ಮತ್ತು 2014ರ ನಿಯಮಗಳ ಪ್ರಕಾರ ಕಸಿಗೆ ನೋಂದಣಿಯಾದ ಪ್ರತಿ ಆಸ್ಪತ್ರೆಯಲ್ಲೂ ಟ್ರಾನ್ಸ್‌ಪ್ಲಾಂಟ್ ಕೋಆರ್ಡಿನೇಟರ್ ಎಂಬ ಒಬ್ಬ ಸಿಬ್ಬಂದಿ ಇರಲೇಬೇಕು. ಐಸಿಯುನಲ್ಲಿರುವ ರೋಗಿ ಮೊದಲೇ ಅಂಗದಾನಕ್ಕೆ ಒಪ್ಪಿದ್ದರೇ ಎಂದು ಹತ್ತಿರದ ಸಂಬಂಧಿಕರನ್ನು ವಿಚಾರಿಸುವುದು, ಒಪ್ಪಿರದಿದ್ದರೆ ಹೀಗೊಂದು ಅವಕಾಶ ಇದೆ, ನೀವು ಒಪ್ಪಬಹುದು ಅಥವಾ ಬೇಡ ಎನ್ನಬಹುದು ಎಂದು ತಿಳಿಸುವುದು, ಇದು ಆಸ್ಪತ್ರೆಯ ವೈದ್ಯರ ಕರ್ತವ್ಯ. ಗಮನಿಸಿ, ಉಪಕಾರ ಅಲ್ಲ, ಕರ್ತವ್ಯ. ಕಸಿ ಮಾಡುವ ಸೌಲಭ್ಯ ಇಲ್ಲದ ಆಸ್ಪತ್ರೆಯೂ ಅಂಗಾಂಗ ತೆಗೆಯುವ ಕೇಂದ್ರವಾಗಿ ನೋಂದಣಿ ಮಾಡಿಸಿಕೊಳ್ಳಬಹುದು. ಸಫ್ದರ್‌ಜಂಗ್ ಆಸ್ಪತ್ರೆಯ ಆವರಣದಲ್ಲಿರುವ ರಾಷ್ಟ್ರೀಯ ಸಂಸ್ಥೆ ನೋಟ್ಟೋ 2024ರಲ್ಲಿ ರಾಜ್ಯಗಳಿಗೆ ಪತ್ರ ಬರೆದು ಐಸಿಯುಗಳಲ್ಲಿ ಮಿದುಳು ಸಾವಿನ ಪ್ರಕರಣಗಳ ಮೇಲೆ ನಿಗಾ ಇಡಬೇಕೆಂದು ಕೇಳಿಕೊಂಡಿತು. ಕಾನೂನು ಇದ್ದೂ ಹೀಗೆ ಪತ್ರ ಬರೆಯಬೇಕಾಯಿತು ಎಂದರೆ ಎಲ್ಲೋ ತೊಡಕಿದೆ ಎಂದಾಯಿತಲ್ಲ.

ತೊಡಕು ಏನು? ಆಸ್ಪತ್ರೆಯವರನ್ನು ಬಯ್ದುಬಿಡುವುದು ಸುಲಭ. ಆದರೆ ಅವರ ಜಾಗದಲ್ಲಿ ನಿಂತು ನೋಡಿದರೆ ಅವರ ಅಂಜಿಕೆಗಳೂ ಅರ್ಥವಾಗುತ್ತವೆ. ಸಿಸ್ಟರ್ ಒಬ್ಬರು "ಸರ್, ಮೂರನೇ ಬೆಡ್ಡಿಗೆ ಪರೀಕ್ಷೆ ಮಾಡಿಸೋಣವೇ" ಎಂದು ಕೇಳಿದರೆ, "ನಿನಗೇನು ಅವಸರ" ಎಂದು ಗದರಿಸಿಕೊಳ್ಳುವ ಭಯ. ರೆಸಿಡೆಂಟ್ ಡಾಕ್ಟರಿಗೆ, ಇಡೀ ರಾತ್ರಿ ಕಷ್ಟಪಟ್ಟು ಉಳಿಸಲು ನೋಡಿದ ರೋಗಿಯ ವಿಷಯದಲ್ಲಿ ಈ ಮಾತೆತ್ತಿದರೆ ಸೋಲು ಒಪ್ಪಿಕೊಂಡಂತೆ ಎಂಬ ಸಂಕಟ. ಹೊರಗೆ ಮೂವತ್ತು ಜನ ಸಂಬಂಧಿಕರು ನಿಂತಿರುತ್ತಾರೆ, ಹೊಡೆದಾಟವಾದರೆ ಗತಿಯೇನು ಎಂಬ ಭಯ. ಅಪಘಾತವಾದ್ದರಿಂದ ಪೊಲೀಸ್ ಕೇಸು, ಮರಣೋತ್ತರ ಪರೀಕ್ಷೆ. ನಮ್ಮ ಎನ್‌ಸಿಆರ್‌ನಲ್ಲಂತೂ ಇದು ಇನ್ನೂ ಗೋಜಲು. ಅಪಘಾತ ಯಮುನಾ ಎಕ್ಸ್‌ಪ್ರೆಸ್‌ವೇನಲ್ಲಿ, ಠಾಣೆ ಉತ್ತರ ಪ್ರದೇಶದ್ದು, ಆಸ್ಪತ್ರೆ ದೆಹಲಿಯದು, ಕುಟುಂಬ ಕರ್ನಾಟಕದಲ್ಲಿ! ಸಂಜೆಯಾದರೆ ಮರಣೋತ್ತರ ಪರೀಕ್ಷೆ ಮಾಡುವುದಿಲ್ಲ ಎಂಬುದು ಹಿಂದೆ ದೊಡ್ಡ ಅಡ್ಡಿಯಾಗಿತ್ತು. 2021ರ ನವೆಂಬರಿನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಸೌಕರ್ಯ ಇರುವ ಆಸ್ಪತ್ರೆಗಳಲ್ಲಿ ಸೂರ್ಯಾಸ್ತದ ನಂತರವೂ ಮಾಡಬಹುದು, ಅಂಗದಾನದ ಪ್ರಕರಣಗಳಿಗೆ ಆದ್ಯತೆ ಕೊಡಬೇಕು ಎಂದು ಆದೇಶಿಸಿತು. ಈ ಆದೇಶ ಗೊತ್ತಿಲ್ಲದೆ "ನಾಳೆ ಬೆಳಿಗ್ಗೆ ನೋಡೋಣ" ಎನ್ನುವ ಸಿಬ್ಬಂದಿ ಎಲ್ಲಿಯಾದರೂ ಇದ್ದರೆ, ದಯವಿಟ್ಟು ನೆನಪಿಸಿ.

ಇನ್ನೊಂದು ತೊಡಕು ಹೆಚ್ಚು ಆಳದ್ದು. ನಮ್ಮ ದೇಶದಲ್ಲಿ ಮಿದುಳು ಸಾವಿಗೆ ವ್ಯಾಖ್ಯೆ ಕೊಟ್ಟಿರುವುದು ಅಂಗಾಂಗ ಕಸಿ ಕಾಯ್ದೆಯಲ್ಲಿ ಮಾತ್ರ. ಅಂದರೆ, ಕುಟುಂಬ ದಾನಕ್ಕೆ ಒಪ್ಪಿದರೆ ದಾರಿ ಸ್ಪಷ್ಟ. ಒಪ್ಪದಿದ್ದರೆ? ವೆಂಟಿಲೇಟರ್ ತೆಗೆಯಬೇಕೋ ಬೇಡವೋ ಎಂದು ಡಾಕ್ಟರುಗಳು ತಡಕಾಡುತ್ತಾರೆ. ಹಾಗಾಗಿ ಪ್ರಮಾಣೀಕರಿಸುವ ಗೋಜಿಗೇ ಹೋಗದೆ ಹೃದಯ ತಾನಾಗಿ ನಿಲ್ಲಲಿ ಎಂದು ಕಾಯುವ ಪರಿಪಾಠ ಎಷ್ಟೋ ಕಡೆ ಬೆಳೆದಿದೆ. ಹೀಗೆ ಕಾಯುವುದರಿಂದ ಮನೆಯವರಿಗೆ ಬಿಲ್ಲು ಏರುತ್ತದೆ, ನಿಜವಾಗಿ ಬದುಕಬಹುದಾದ ಇನ್ನೊಬ್ಬ ರೋಗಿಗೆ ಹಾಸಿಗೆ ಸಿಗುವುದಿಲ್ಲ, ಯಾರಿಗೂ ಅಂಗ ದೊರಕುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ದಾನ ಆಗಲಿ ಬಿಡಲಿ, ಮಿದುಳು ಸತ್ತಿದೆಯೇ ಇಲ್ಲವೇ ಎಂಬುದನ್ನು ಎಲ್ಲ ಕಡೆ ಒಂದೇ ರೀತಿ ಪರೀಕ್ಷಿಸಿ ಮನೆಯವರಿಗೆ ಹೇಳಬೇಕು. ದಾನಕ್ಕೋಸ್ಕರ ಮಾತ್ರ ಪರೀಕ್ಷೆ ಮಾಡಿದರೆ, "ಅಂಗಕ್ಕಾಗಿ ಸತ್ತರೆಂದು ಹೇಳುತ್ತಿದ್ದಾರೆ" ಎಂಬ ಅನುಮಾನಕ್ಕೆ ನಾವೇ ಎಡೆ ಮಾಡಿಕೊಟ್ಟಂತೆ.

ಆ ಅನುಮಾನ ಸುಮ್ಮನೆ ಹುಟ್ಟಿದ್ದೂ ಅಲ್ಲ. 2008ರ ಜನವರಿಯಲ್ಲಿ ಆಗಿನ ಗುರಗಾಂವ್‌ನಲ್ಲಿ ಬೆಳಕಿಗೆ ಬಂದ ಕಿಡ್ನಿ ಜಾಲವನ್ನು ಇಲ್ಲಿಯ ಹಳಬರು ಮರೆತಿಲ್ಲ. ಬಡ ಕೂಲಿಗಳ ಮೂತ್ರಪಿಂಡ ಕದ್ದ ಕಥೆ ಅದು. ಆದರೆ ಅವರೆಲ್ಲ ಬದುಕಿದ್ದವರು, ನಡೆದದ್ದು ಗುಟ್ಟಾಗಿ. ಮಿದುಳು ಸತ್ತವರ ದಾನದಲ್ಲಿ ನಾಲ್ವರು ಡಾಕ್ಟರ ಸಹಿ, ಪೊಲೀಸರ ಒಪ್ಪಿಗೆ, ಸರ್ಕಾರಿ ಸಂಸ್ಥೆಯ ಕಾಯುವವರ ಪಟ್ಟಿ, ಎಲ್ಲ ಕಾಗದದ ಮೇಲೆ ಇರುತ್ತದೆ. ಅಂಗಗಳ ಅಭಾವ ಇರುವಷ್ಟು ದಿನ ದಲ್ಲಾಳಿಗಳಿಗೆ ಸುಗ್ಗಿ.

ಇದೆಲ್ಲ ಸರಿ, ಆಸ್ಪತ್ರೆಯವರನ್ನು ಜೊತೆಗೆ ಕರೆದುಕೊಂಡು ಹೋದರೆ ಪರಿಸ್ಥಿತಿ ಬದಲಾಗುತ್ತದೆಯೇ ಎಂದು ಕೇಳಬಹುದು. ಆಗುತ್ತದೆ. ಸ್ಪೇನ್ ದೇಶದಲ್ಲಿ 1979ರಲ್ಲೇ ಕಾನೂನು ಬಂತು. ಆದರೂ ಹತ್ತು ವರ್ಷ ಕಳೆದು 1989ರಲ್ಲಿ ನೋಡಿದಾಗ ಹತ್ತು ಲಕ್ಷ ಜನರಿಗೆ 14 ದಾನಿಗಳು ಮಾತ್ರ ಇದ್ದರು. ಆಗ ಡಾ. ರಫಾಯೆಲ್ ಮಾತೆಸಾನ್ಸ್ ನೇತೃತ್ವದಲ್ಲಿ ರಾಷ್ಟ್ರೀಯ ಸಂಸ್ಥೆ ಶುರುವಾಯಿತು. ಅವರು ಕಾನೂನು ಬದಲಿಸಲಿಲ್ಲ. ಪ್ರತಿ ಆಸ್ಪತ್ರೆಯಲ್ಲೂ ಒಬ್ಬರನ್ನು, ಹೆಚ್ಚಾಗಿ ಐಸಿಯು ಡಾಕ್ಟರನ್ನೇ, ಈ ಕೆಲಸಕ್ಕೆ ನೇಮಿಸಿದರು. ಐಸಿಯುನಲ್ಲಿ ಆದ ಸಾವುಗಳನ್ನು ಪರಿಶೀಲಿಸಿ, ಯಾರು ದಾನಿಯಾಗಬಹುದಿತ್ತು, ಯಾಕೆ ತಪ್ಪಿಹೋಯಿತು ಎಂದು ಬರೆದಿಡುವ ಪದ್ಧತಿ ತಂದರು. ಸಿಬ್ಬಂದಿಗೆ ಕೆಟ್ಟ ಸುದ್ದಿ ಹೇಳುವ ತರಬೇತಿ ಕೊಟ್ಟರು. 2023ರಲ್ಲಿ ಅಲ್ಲಿನ ದಾನಿಗಳ ಸಂಖ್ಯೆ ಹತ್ತು ಲಕ್ಷಕ್ಕೆ 48 ದಾಟಿತ್ತು. ಸ್ಪೇನಿನ ಜನ ನಮಗಿಂತ ಧರ್ಮಾತ್ಮರೇನೂ ಅಲ್ಲ, ಅಲ್ಲಿ ಕೇಳುವವರಿದ್ದಾರೆ ಅಷ್ಟೆ.

ಅಷ್ಟು ದೂರ ಹೋಗುವುದೂ ಬೇಡ. 2008ರಲ್ಲಿ ಚೆನ್ನೈನಲ್ಲಿ ವೈದ್ಯ ದಂಪತಿಗಳು ಅಪಘಾತದಲ್ಲಿ ಮಿದುಳು ಸತ್ತ ತಮ್ಮ ಮಗನ ಅಂಗಗಳನ್ನು ಕೊಟ್ಟರು. ಅದೇ ವರ್ಷ ತಮಿಳುನಾಡು ಸರ್ಕಾರ ಮಿದುಳು ಸಾವಿನ ಪ್ರಮಾಣೀಕರಣದ ಬಗ್ಗೆ ಆದೇಶಗಳನ್ನು ಹೊರಡಿಸಿತು. ಮುಂದಿನ ವರ್ಷಗಳಲ್ಲಿ ಆ ರಾಜ್ಯ ಎಲ್ಲಿಗೆ ಏರಿತೆಂದು ನಿಮಗೆ ಗೊತ್ತು. ನಮ್ಮ ಕರ್ನಾಟಕದಲ್ಲಿ 2007ರಲ್ಲಿ ವಲಯ ಸಮನ್ವಯ ಸಮಿತಿ ಶುರುವಾಯಿತು, ಅದೇ ಈಗಿನ ಜೀವಸಾರ್ಥಕತೆ. 2023ರಲ್ಲಿ ಕರ್ನಾಟಕದಲ್ಲಿ 178 ಮಂದಿ ಮರಣಾನಂತರ ಅಂಗಾಂಗ ದಾನ ಮಾಡಿದರು. ಅದೇ ವರ್ಷ ಇಷ್ಟೊಂದು ದೊಡ್ಡ ಆಸ್ಪತ್ರೆಗಳಿರುವ ದೆಹಲಿಯಲ್ಲಿ ಆ ಸಂಖ್ಯೆ ನೂರನ್ನೂ ಮುಟ್ಟಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ಚಿಕ್ಕಮಗಳೂರಿನ ಸರ್ಕಾರಿ ಜಿಲ್ಲಾ ಆಸ್ಪತ್ರೆಯಲ್ಲಿ ಮಿದುಳು ಸತ್ತ ಯುವತಿಯೊಬ್ಬರ ಹೃದಯವನ್ನು ಹೆಲಿಕಾಪ್ಟರಿನಲ್ಲಿ ಬೆಂಗಳೂರಿಗೆ ಒಯ್ದರು. ಮಲೆನಾಡಿನ ಜಿಲ್ಲಾ ಆಸ್ಪತ್ರೆಗೆ ಸಾಧ್ಯವಾದದ್ದು ರಾಜಧಾನಿಯ ಸೂಪರ್ ಸ್ಪೆಷಾಲಿಟಿಗೆ ಯಾಕೆ ಆಗಬಾರದು?

ಇಲ್ಲಿಯೂ ಆಗಿದೆ ಎನ್ನುವುದನ್ನು ಮರೆಯಬಾರದು. 2022ರಲ್ಲಿ ಏಮ್ಸ್‌ನ ಜಯಪ್ರಕಾಶ್ ನಾರಾಯಣ್ ಟ್ರಾಮಾ ಸೆಂಟರಿನಲ್ಲಿ ಹಿಂದಿನ ವರ್ಷಗಳಿಗಿಂತ ಗಮನಾರ್ಹವಾಗಿ ಹೆಚ್ಚು ದಾನಗಳು ನಡೆದವು. ನರಶಸ್ತ್ರವೈದ್ಯರು, ಸಿಸ್ಟರ್‌ಗಳು, ಏಮ್ಸ್‌ನ ಓರ್ಬೋ ವಿಭಾಗದ ಕೋಆರ್ಡಿನೇಟರ್‌ಗಳು, ಪೊಲೀಸರು, ವಿಧಿವಿಜ್ಞಾನ ವಿಭಾಗದವರು ಒಟ್ಟಿಗೆ ಕೆಲಸ ಮಾಡಿದ್ದರ ಫಲ ಅದು. ಜನ ಅವರೇ, ದೆಹಲಿ ಅದೇ.

ಈಗ ನಮ್ಮ ಕನ್ನಡಿಗರ ವಿಷಯಕ್ಕೆ ಬರುತ್ತೇನೆ. ಈ ಕಾರ್ಯಕ್ರಮ ಕೇಳುವವರಲ್ಲಿ ಆಸ್ಪತ್ರೆಗಳಲ್ಲಿ ಕೆಲಸ ಮಾಡುವವರು ಸಾಕಷ್ಟು ಜನ ಇದ್ದೀರಿ. ಮಂಗಳೂರು, ಉಡುಪಿ ಕಡೆಯಿಂದ ಬಂದ ಸಿಸ್ಟರ್‌ಗಳಿದ್ದೀರಿ, ಹುಬ್ಬಳ್ಳಿ, ದಾವಣಗೆರೆಯಲ್ಲಿ ಓದಿ ಇಲ್ಲಿ ಪಿಜಿ ಮಾಡುತ್ತಿರುವ ಡಾಕ್ಟರುಗಳಿದ್ದೀರಿ, ಲ್ಯಾಬು, ಬಿಲ್ಲಿಂಗ್ ಕೌಂಟರಿನಲ್ಲಿ ಇರುವವರಿದ್ದೀರಿ. ಒಂದು ಸಂದರ್ಭ ಊಹಿಸಿಕೊಳ್ಳಿ. ಗುರುಗ್ರಾಮದಲ್ಲಿ ಕೆಲಸಕ್ಕಿದ್ದ ಹಾಸನದ ಹುಡುಗ, ಬೈಕ್ ಅಪಘಾತ, ವೆಂಟಿಲೇಟರ್. ತಂದೆತಾಯಿ ಮೊದಲ ವಿಮಾನ ಹಿಡಿದು ಬಂದಿದ್ದಾರೆ. ಅವರಿಗೆ ಹಿಂದಿ ಬರುವುದಿಲ್ಲ, ಇಂಗ್ಲಿಷ್ ಅಷ್ಟಕ್ಕಷ್ಟೆ. ಡಾಕ್ಟರು ಹಿಂದಿಯಲ್ಲಿ "ಬ್ರೈನ್ ಡೆಡ್ ಹೈ" ಎಂದರು. ತಂದೆಗೆ ಡೆಡ್ ಎನ್ನುವುದು ಕೇಳಿಸಿತು, ಆದರೆ ಮಾನಿಟರಿನಲ್ಲಿ ನಾಡಿ ಓಡುತ್ತಿದೆ, ಮಗನ ಕೈ ಬೆಚ್ಚಗಿದೆ. ಅಷ್ಟರಲ್ಲಿ ಪಕ್ಕದಲ್ಲಿ ಯಾರೋ ಸಿಬ್ಬಂದಿ ಸಮಾಧಾನಕ್ಕೆಂದು "ಬಿಪಿ ನಾರ್ಮಲ್ ಇದೆ" ಎಂದುಬಿಟ್ಟರು. ಮುಗಿಯಿತು, ಆ ತಂದೆ ಇನ್ನು ಯಾರ ಮಾತನ್ನೂ ನಂಬುವುದಿಲ್ಲ.

ಅಂಥ ವಾರ್ಡಿನಲ್ಲಿ ಕನ್ನಡ ಬಲ್ಲ ಒಬ್ಬರಿದ್ದರೆ ಎಷ್ಟು ವ್ಯತ್ಯಾಸವಾಗುತ್ತದೆ! ಡಾಕ್ಟರು ಹೇಳಿದ ಮೇಲೆ, ಅವರ ಸಮ್ಮುಖದಲ್ಲೇ, ತಂದೆಯನ್ನು ಕೂರಿಸಿ, "ಯಜಮಾನ್ರೇ, ನಿಮ್ಮ ಮಗ ತೀರಿಕೊಂಡಿದ್ದಾರೆ. ಎದೆ ಏಳುತ್ತಿರುವುದು ಮಶೀನಿನಿಂದ. ಎರಡು ಸಲ ಪರೀಕ್ಷೆ ಮಾಡಿದ್ದಾರೆ, ಉಸಿರು ಬರಲಿಲ್ಲ" ಎಂದು ನೇರವಾಗಿ, ಮೆಲ್ಲಗೆ ಹೇಳಬಹುದು. "ನಿಷ್ಕ್ರಿಯ" ಬೇಡ, "ಸೀರಿಯಸ್ಸು" ಬೇಡ. ಬೆರಳು ಅಲುಗಿದ್ದನ್ನು ನೋಡಿ ತಾಯಿ ಕೂಗಿಕೊಂಡರೆ, "ಅಮ್ಮಾ, ಅದು ಬೆನ್ನುಹುರಿಯಿಂದ ಬರುವ ಚಲನೆ, ಮಿದುಳಿನಿಂದಲ್ಲ" ಎಂದು ತಿಳಿಸಿ ಹೇಳಬಹುದು. ಅಳಲು ಬಿಡಬೇಕು. ಊರಿನಲ್ಲಿರುವ ಅಜ್ಜನಿಗೆ, ದೊಡ್ಡಪ್ಪನಿಗೆ ಫೋನ್ ಮಾಡಬೇಕೆಂದರೆ ಮಾಡಲಿ. ನಮ್ಮ ಮನೆಗಳಲ್ಲಿ ಹಿರಿಯರನ್ನು ಕೇಳದೆ ಇಂಥ ತೀರ್ಮಾನ ಆಗುವುದಿಲ್ಲ.

ಒಂದು ಎಚ್ಚರಿಕೆ ಮಾತ್ರ ಬೇಕು. ಅಂಗದಾನದ ವಿಷಯವನ್ನು ಸಾವಿನ ಸುದ್ದಿಯ ಜೊತೆಗೇ ಎತ್ತಬಾರದು, ಹಾಸಿಗೆಯ ಪಕ್ಕದ ಸಿಸ್ಟರ್ ತಾವೇ ಎತ್ತಲೂಬಾರದು. ಅದು ತರಬೇತಿ ಪಡೆದ ಕೋಆರ್ಡಿನೇಟರ್ ಕೆಲಸ. ಸಿಸ್ಟರ್ ಕೆಲಸ ಗುರುತಿಸುವುದು, ಡ್ಯೂಟಿ ಡಾಕ್ಟರಿಗೆ ಹೇಳುವುದು, ಕೋಆರ್ಡಿನೇಟರ್‌ಗೆ ಸುದ್ದಿ ಮುಟ್ಟಿಸುವುದು, ಅಲ್ಲಿಯವರೆಗೆ ಬಿಪಿ, ದ್ರವ, ಮೈಯ ಉಷ್ಣಾಂಶ ಕಾಪಾಡುವುದು. ಸುದ್ದಿ ಮುಟ್ಟಿಸಿದ ಮಾತ್ರಕ್ಕೆ ದಾನ ಆಗಲೇಬೇಕೆಂದಿಲ್ಲ. ಕುಟುಂಬ ಬೇಡ ಎಂದರೆ ಅದನ್ನೂ ಅಷ್ಟೇ ಗೌರವದಿಂದ ಬರೆದುಕೊಳ್ಳಬೇಕು. ಒತ್ತಾಯದ ಒಂದು ಮಾತು ಆಡಿದರೂ ಮುಂದಿನ ಹತ್ತು ಕುಟುಂಬಗಳ ನಂಬಿಕೆ ಹೋಗುತ್ತದೆ.

ಆಸ್ಪತ್ರೆಯಲ್ಲಿ ಕೆಲಸ ಮಾಡದ ನಾವುಗಳು ಏನು ಮಾಡಬಹುದು? ನಮ್ಮವರೊಬ್ಬರು ಐಸಿಯುನಲ್ಲಿದ್ದು ಡಾಕ್ಟರು ಕೈಚೆಲ್ಲಿದಂತೆ ಮಾತಾಡಿದರೆ, ನಾವೇ ಕೇಳಬಹುದು: "ಮಿದುಳಿನ ಕಾಂಡದ ಪರೀಕ್ಷೆ ಆಗಿದೆಯೇ? ನಿಮ್ಮ ಆಸ್ಪತ್ರೆಯ ಕೋಆರ್ಡಿನೇಟರ್ ಯಾರು?" ಹೀಗೆ ಕೇಳಿದರೆ ಅಂಜುತ್ತಿದ್ದ ಸಿಬ್ಬಂದಿಗೂ ಧೈರ್ಯ ಬರುತ್ತದೆ. ಖರ್ಚಿನ ಬಗ್ಗೆ ಹೇಳುವುದಾದರೆ, ದಾನಕ್ಕೆ ಒಪ್ಪಿದ ಮೇಲೆ ದೇಹವನ್ನು ಕಾಪಾಡುವ, ಅಂಗ ತೆಗೆಯುವ ಖರ್ಚು ದಾನಿಯ ಕುಟುಂಬದ ಮೇಲೆ ಬೀಳುವಂತಿಲ್ಲ ಎಂದು 2014ರ ನಿಯಮಗಳು ಸ್ಪಷ್ಟವಾಗಿ ಹೇಳುತ್ತವೆ. ಅದಕ್ಕೆ ಮುಂಚಿನ ಚಿಕಿತ್ಸೆಯ ಬಿಲ್ಲು ಬೇರೆ, ಅದನ್ನು ಇದರೊಂದಿಗೆ ಕಲಸಬಾರದು. ದೇಹವನ್ನು ಹೊಲಿದು, ಶುಚಿ ಮಾಡಿ, ಗೌರವದಿಂದ ಒಪ್ಪಿಸುತ್ತಾರೆ, ಎಲ್ಲ ವಿಧಿಗಳನ್ನೂ ನಡೆಸಬಹುದು. ಪ್ರತಿಜ್ಞಾ ಪತ್ರ ತುಂಬುವವರು ನೋಟ್ಟೋ ಜಾಲತಾಣದಲ್ಲಿ ಆಧಾರ್ ಮೂಲಕ ತುಂಬಬಹುದು. ಆದರೆ ತುಂಬಿದ ಸಂಗತಿಯನ್ನು ಅದೇ ಸಂಜೆ ಊಟದ ಹೊತ್ತಿಗೆ ಮನೆಯಲ್ಲಿ ಹೇಳಿ. ಕೊನೆಗೆ ಸಹಿ ಹಾಕಬೇಕಾದವರು ಮನೆಯವರೇ.

ಕಣ್ಣಿನ ವಿಷಯ ಸ್ವಲ್ಪ ಬೇರೆ. ಅದಕ್ಕೆ ವೆಂಟಿಲೇಟರ್ ಬೇಕಿಲ್ಲ, ಮನೆಯಲ್ಲಿ ತೀರಿಕೊಂಡವರೂ ಕೊಡಬಹುದು, ಆರು ಗಂಟೆಯೊಳಗೆ ನೇತ್ರ ಬ್ಯಾಂಕಿಗೆ ತಿಳಿಸಿದರಾಯಿತು. 2006ರಲ್ಲಿ ಡಾ. ರಾಜ್‌ಕುಮಾರ್, 2021ರಲ್ಲಿ ಪುನೀತ್ ರಾಜ್‌ಕುಮಾರ್ ಕಣ್ಣು ಕೊಟ್ಟ ಮೇಲೆ ಕನ್ನಡಿಗರಿಗೆ ಇದನ್ನು ಹೆಚ್ಚು ಹೇಳಬೇಕಾಗಿಯೇ ಇಲ್ಲ.

ನಂಬರುಗಳನ್ನು ಬರೆದುಕೊಳ್ಳಿ. ನೋಟ್ಟೋ ಸಹಾಯವಾಣಿ 1800 114 770, ಇದಕ್ಕೆ ಶುಲ್ಕವಿಲ್ಲ. ಏಮ್ಸ್‌ನ ಓರ್ಬೋ ಸಹಾಯವಾಣಿ 1060. ಐಸಿಯುನಲ್ಲಿ ಕೆಲಸ ಮಾಡುವ ಕೇಳುಗರಲ್ಲಿ ಒಂದು ವಿನಂತಿ: ಈ ಎರಡರ ಜೊತೆಗೆ ನಿಮ್ಮ ಆಸ್ಪತ್ರೆಯ ಕೋಆರ್ಡಿನೇಟರ್ ಮೊಬೈಲ್ ನಂಬರನ್ನು ನರ್ಸಿಂಗ್ ಸ್ಟೇಷನ್ನಿನ ಗೋಡೆಗೆ ಅಂಟಿಸಿ, ರಾತ್ರಿ ಪಾಳಿಯವರ ಕಣ್ಣಿಗೆ ಬೀಳುವ ಹಾಗೆ. ಕೋಆರ್ಡಿನೇಟರ್ ಯಾರೆಂದೇ ಗೊತ್ತಿಲ್ಲದಿದ್ದರೆ ನಾಳೆ ಡ್ಯೂಟಿಗೆ ಹೋದಾಗ ಮೊದಲು ಅದನ್ನು ವಿಚಾರಿಸಿ.